ಲೇಬಲ್ ಹಿಗ್ಗುವುದು ಏಕೆ?

ಜೇನುತುಪ್ಪದ ಬಾಟಲಿಗೆ ಲೇಬಲ್ ಮಾಡುತ್ತಿರುವ ಓದುಗರೊಬ್ಬರ ಸಮಸ್ಯೆ ಇದು: ಇಲ್ಲಸ್ಟ್ರೇಟರ್‌ನಲ್ಲಿ ಅಂದವಾಗಿದ್ದ ಅಕ್ಷರಗಳು ತ್ರೀಡಿ ಬಾಟಲಿಯ ಮೇಲೆ ಕೂತ ಕೂಡಲೇ ಅಡ್ಡಕ್ಕೆ ಹಿಗ್ಗುತ್ತವೆ.

ಎಡವಟ್ಟು ಬಹುಮಟ್ಟಿಗೆ ಅಳತೆಯದ್ದು. ಬಾಟಲಿಯ ವ್ಯಾಸ 70 ಮಿ.ಮೀ. ಇದ್ದರೆ ಸುತ್ತಳತೆ ಸುಮಾರು 220 ಮಿ.ಮೀ. ಅವರ ಲೇಬಲ್ಲಿನ ಅಗಲ 150 ಮಾತ್ರ. ‘ಸ್ಕೇಲ್ ಟು ಫಿಟ್’ ಒತ್ತಿದರೆ ತಂತ್ರಾಂಶ ಅದನ್ನು ಇಡೀ ಸುತ್ತಿಗೆ ಎಳೆದುಬಿಡುತ್ತದೆ. ಆ ಗುಂಡಿಯ ಗೊಡವೆಗೆ ಹೋಗದೆ, ನಿಜವಾದ ಅಳತೆಯ ಲೇಬಲ್ಲನ್ನು ಸಿಂಬಲ್ ಆಗಿ ಉಳಿಸಿಕೊಂಡು, ‘ಮ್ಯಾಪ್ ಆರ್ಟ್’ನಲ್ಲಿ ಕೈಯಾರೆ ಕೂರಿಸುವುದೇ ಸರಿ. ಅಲ್ಲಿ ತಿಳಿ ಬೂದು ಭಾಗ ನೋಡುವವರ ಕಡೆಗಿರುತ್ತದೆ. ಕಡುಬೂದು ಭಾಗ ಹಿಂದೆ ಮರೆಯಾಗಿರುತ್ತದೆ. ಸುತ್ತಿಸಿ ಬಾಟಲಿ ಮಾಡುವ ಅರ್ಧಾಕೃತಿಗೆ ಸ್ಟ್ರೋಕ್ (ಅಂಚಿನ ಗೆರೆ) ಇದ್ದರೆ ಮೇಲ್ಮೈಗಳು ವಿನಾಕಾರಣ ಹೆಚ್ಚುತ್ತವೆ, ಆ ಸ್ಟ್ರೋಕನ್ನು ತೆಗೆದುಹಾಕಬೇಕು.

ಈ ವಿಧಾನ ಇಲ್ಲಸ್ಟ್ರೇಟರ್‌ನ ಹೊಸ ಆವೃತ್ತಿಗಳಲ್ಲಿ ‘ತ್ರೀಡಿ ಕ್ಲಾಸಿಕ್’ ಹೆಸರಿನಡಿ ಸಿಗುತ್ತದೆ.

‘ಶೇಡ್ ಆರ್ಟ್‌ವರ್ಕ್’ ಆಯ್ಕೆಗೂ ಮ್ಯಾಪ್ ಆರ್ಟ್‌ನಲ್ಲೇ ಗುರುತು ಹಾಕಲೇಬೇಕು. ಬಾಟಲಿಯ ಅಂಚಿನಲ್ಲಿ ನೆರಳು ಬಿದ್ದು ಲೇಬಲ್ ಮಾತ್ರ ಒಂದೇ ಸಮನೆ ಹೊಳೆಯುತ್ತಿದ್ದರೆ ಗ್ರಾಹಕರ ಕಣ್ಣು ಅದನ್ನು ಒಪ್ಪುವುದಿಲ್ಲ.

ಮುಂದೆ ಕಾಗದದ ಲೋಟಕ್ಕೆ ಕೈಹಾಕುವುದಾದರೆ ಅವರಿಗೆ ಇನ್ನೊಂದು ಮಾತು. ಲೋಟ ಕೆಳಗೆ ಕಿರಿದು, ಮೇಲೆ ಅಗಲ. ಹಾಗಾಗಿ ಅದರ ಮುದ್ರಣದ ಹಾಳೆ ಆಯತವಲ್ಲ, ಕಮಾನಿನಂತೆ ಬಾಗಿದ ಪಟ್ಟಿ. ಮುದ್ರಕರಿಂದ ಡೈಲೈನ್ (ಕತ್ತರಿಸುವ ಗೆರೆಗಳ ನಕ್ಷೆ) ತರಿಸಿಕೊಂಡೇ ಕೆಲಸ ಶುರುಮಾಡಬೇಕು.