ದೈವದ ನೆಲೆ, ದುಡಿಮೆಯ ಹಕ್ಕು: ಸೋಲಿಗರನ್ನು ಕುರಿತ ಒಂದು ಟಿಪ್ಪಣಿ

ಧರ್ಮ ಮತ್ತು ಆರ್ಥಿಕ ಸ್ವಾತಂತ್ರ್ಯಗಳ ಸಂಬಂಧವನ್ನು ಕುರಿತ ಸಂಶೋಧನೆಯಲ್ಲಿ ಯುವ ವಿದ್ವಾಂಸರನ್ನು ಪ್ರೋತ್ಸಾಹಿಸಲು ಅಮೆರಿಕದ ಆಕ್ಟನ್ ಸಂಸ್ಥೆಯು ಮೈಕೇಲ್ ನೊವಾಕ್ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತು. ವ್ಯಕ್ತಿಯ ಉದ್ಯಮಶೀಲತೆ, ಖಾಸಗಿ ಸ್ವತ್ತು ಮತ್ತು ಮಾರುಕಟ್ಟೆಗಳು ನೊವಾಕ್ ಅವರ ಚಿಂತನೆಯ ಆಧಾರಗಳು. ಈ ಪ್ರಶ್ನೆಯನ್ನು ಚಾಮರಾಜನಗರ ಜಿಲ್ಲೆಯ ಸೋಲಿಗರ ಬದುಕಿನಲ್ಲಿಟ್ಟು ಪರಿಶೀಲಿಸಿದಾಗ ಅದು ಸಮುದಾಯದ ಹಕ್ಕಿನ ಪ್ರಶ್ನೆಯಾಗಿ ರೂಪಾಂತರಗೊಳ್ಳುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ರಂಗನಾಥನು ‘ರಂಗಬಾವ’. ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದವನು. ದೈವದೊಡನೆ ಇರುವ ಈ ನಂಟು ಕಾಡಿನೊಡನೆಯೂ ಇದೆ. ಪ್ರತಿ ಕುಲಕ್ಕೂ ತನ್ನದೇ ಆದ ‘ಎಲ್ಲೆ’ಯುಂಟು. ದೇವರು, ಮಾರಮ್ಮ, ವೀರು, ಕಲ್ಲುಗುಡಿ ಮತ್ತು ಅಬ್ಬಿ ಎಂಬ ನೆಲೆಗಳು ಆ ಎಲ್ಲೆಯೊಳಗಿವೆ. ಜೇನು, ನೆಲ್ಲಿಕಾಯಿ, ಪಾಚಿ, ಸೀಗೆಕಾಯಿಗಳ ಸಂಗ್ರಹ ನಡೆಯುತ್ತಿದ್ದುದೂ ಇದೇ ಕಾಡಿನಲ್ಲಿ. ಸಂಗ್ರಹಿಸಿದ್ದನ್ನು ಲ್ಯಾಂಪ್ಸ್ ಸಹಕಾರ ಸಂಘಗಳು ಕೊಳ್ಳುತ್ತಿದ್ದವು.

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಫಲವಾಗಿ, 2006ರ ಹೊತ್ತಿಗೆ ಇಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದು ನಿಷಿದ್ಧವಾಯಿತು. ಸೋಲಿಗರ ನಗದು ಆದಾಯದ ಪ್ರಮುಖ ಮೂಲವೊಂದು ಹೀಗೆ ಕಡಿದುಹೋಯಿತು. ಅದೇ 2006ರಲ್ಲಿ ರೂಪುಗೊಂಡ ಅರಣ್ಯ ಹಕ್ಕು ಕಾಯ್ದೆಯು ಕಿರು ಉತ್ಪನ್ನಗಳ ಸಂಗ್ರಹ ಮತ್ತು ವಿಲೇವಾರಿಯನ್ನು ಅರಣ್ಯವಾಸಿಗಳ ಹಕ್ಕೆಂದು ಮಾನ್ಯಮಾಡಿತು. 2008ರ ನಿಯಮಗಳು ಬಾವಿ ಮತ್ತು ಸ್ಮಶಾನಗಳೊಂದಿಗೆ ಪವಿತ್ರ ಸ್ಥಳಗಳನ್ನೂ ಹಕ್ಕು ಸಾಧನೆಯ ಪುರಾವೆಗಳಲ್ಲಿ ಸೇರಿಸಿದವು. ನಂಬಿಕೆಯ ಗುರುತಾಗಿದ್ದ ಕಲ್ಲು ಇದರಿಂದ ಜೀವನೋಪಾಯದ ದಾಖಲೆಯೂ ಆಗುವಂತಾಯಿತು. 2011ರಲ್ಲಿ ಬೆಟ್ಟದ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು.

ಗುಂಡ್ಲುಪೇಟೆ ತಾಲ್ಲೂಕಿನ ಕಡೆಗೆ ದೃಷ್ಟಿ ಹರಿಸಿದಾಗ ಈ ಸಂಗತಿಯ ಮಹತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ಬಂಡೀಪುರ ಹುಲಿ ರಕ್ಷಿತಾರಣ್ಯದೊಳಗಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಭಕ್ತರು ಬಸ್ಸಿನಲ್ಲಿ ಹೋಗಿ ದರ್ಶನ ಮುಗಿಸಿ ಮರಳುತ್ತಾರೆ. ಅವರ ಪೂಜೆಗೂ ದುಡಿಮೆಗೂ ಸ್ಥಳ ಬೇರೆ ಬೇರೆ. ಸೋಲಿಗರಿಗೆ ಇವೆರಡೂ ಒಂದೇ ಕಾಡಿನಲ್ಲಿ ನಡೆಯುತ್ತವೆ. ಪೂಜೆಗಷ್ಟೇ ಅನುಮತಿ ನೀಡಿ ಸಂಗ್ರಹವನ್ನು ತಡೆದರೆ ಧಾರ್ಮಿಕ ಸ್ವಾತಂತ್ರ್ಯ ಉಳಿದಂತೆ ತೋರಿದರೂ ಅದರ ನೆಲೆ ಕುಸಿಯುತ್ತದೆ.

ಧರ್ಮವು ಆರ್ಥಿಕತೆಗೆ ಪೂರಕವೋ ಮಾರಕವೋ ಎಂದು ಕೇಳುವ ವಾಡಿಕೆಯ ವಿಧಾನ ಇಲ್ಲಿ ಸಾಲದು. ಹಕ್ಕುಪತ್ರ ದೊರೆತ ಮೇಲೆ ಬೆಲೆ ನಿಗದಿ ಮಾಡುವ ಅಧಿಕಾರ ಯಾರಲ್ಲಿದೆ, ಎಲ್ಲೆಗಳ ಅರಿವು ಮುಂದಿನ ತಲೆಮಾರಿಗೆ ಉಳಿಯುವ ಬಗೆ ಯಾವುದು ಎಂಬುವನ್ನು ಯುವ ಸಂಶೋಧಕರು ಕ್ಷೇತ್ರಕಾರ್ಯದ ಮೂಲಕ ಶೋಧಿಸುವುದು ಅಗತ್ಯ. ಎಲ್ಲೆಯ ಅರಿವು ಮರೆಯಾದರೆ ಹಕ್ಕಿನ ಪುರಾವೆಯೂ ಅದರೊಂದಿಗೆ ಮರೆಯಾಗುತ್ತದೆ.