ಕೇಳಿದರೆ ತಲೆಗೆ ತುಂಬಿದಂತಾಗುವುದಿಲ್ಲವೇ?

ಪ್ರಶ್ನೆ: ತವರಿನಲ್ಲಿರುವ ತಮ್ಮ, ಎರಡು ವರ್ಷ ಬೆಳೆ ಕೈಕೊಟ್ಟ ಮೇಲೆ ಮಾತೇ ಕಡಿಮೆ ಮಾಡಿದ್ದಾನೆ. ‘ನಾನಿಲ್ಲಂದ್ರ ನಿಮಗೆಲ್ಲಾ ಆರಾಮ’ ಅನ್ನುತ್ತಾನೆ. ಮೊನ್ನೆ ತಾನೇ ಸಾಕಿದ ಎತ್ತುಗಳನ್ನು ಕಾಕಾನ ಕೊಟ್ಟಿಗೆಯಲ್ಲಿ ಕಟ್ಟಿಬಂದನಂತೆ. ಸಾಯುವ ಯೋಚನೆ ಇದೆಯಾ ಎಂದು ಕೇಳಲು ಭಯ. ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾಗುವುದಿಲ್ಲವೇ?
— ಒಬ್ಬ ಅಕ್ಕ, ಹಾವೇರಿ ಜಿಲ್ಲೆ

ಉತ್ತರ: ಇಲ್ಲ. ಇವತ್ತೇ ತವರಿನ ಬಸ್ಸು ಹತ್ತಿ, ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಒಳಗೇ ಅದುಮಿಟ್ಟುಕೊಂಡವರಿಗೆ ಬಾಯಿ ಬಿಡಲು ದಾರಿಯಾಗುತ್ತದೆ.

ಎತ್ತಿನ ಸಂಗತಿ ಓದಿದಾಗ ನನಗೆ ದಿಗಿಲಾಯಿತು. ಪ್ರೀತಿಯಿಂದ ಸಾಕಿದ್ದನ್ನು ಇನ್ನೊಬ್ಬರಿಗೆ ಒಪ್ಪಿಸುವುದು, ತಾನೇ ಹೊರೆ ಎನ್ನುವುದು, ನಿದ್ದೆಗೇಡು, ಕುಡಿತ ಹೆಚ್ಚುವುದು, ಇವು ಹಗುರವಾಗಿ ಕಾಣುವ ಸಂಗತಿಗಳಲ್ಲ. ವಾರಗಟ್ಟಲೆ ಒದ್ದಾಡಿದವನು ಕಾರಣವಿಲ್ಲದೆ ಒಮ್ಮೆಲೇ ಶಾಂತನಾದರೆ ಸುಧಾರಿಸಿದ ಎಂದುಕೊಳ್ಳಬೇಡಿ. ‘ಹೇಳುವವರು ಮಾಡೋದಿಲ್ಲ’ ಎಂಬ ಕಟ್ಟೆಮಾತಂತೂ ಶುದ್ಧ ಸುಳ್ಳು.

ನಾಲ್ಕು ಜನರ ಮುಂದೆ ಬೇಡ. ಹೊಲದ ಬದುವಿನ ಮೇಲೆ ಪಕ್ಕದಲ್ಲಿ ಕೂತು ಕೇಳಿ: ‘ಎತ್ತು ಬಿಟ್ಟುಬಂದಿ ಅಂತ ಕೇಳಿದಾಗಿಂದ ನನಗ ನಿದ್ದಿ ಇಲ್ಲ. ಸಾಯಬೇಕು ಅನಸಾಕತ್ತೈತೇನೋ ತಮ್ಮಾ?’ ಆಮೇಲೆ ಸುಮ್ಮನಿರಿ. ಕಷ್ಟವಿರುವುದೇ ಅಲ್ಲಿ. ‘ಮಕ್ಕಳ ಮುಖ ನೋಡು’, ‘ಗಂಡಸಾಗಿ ಹಿಂಗ ಅಂತಾರೇನು’ ಎಂಬ ಮಾತು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಈಗಾಗಲೇ ಕುಸಿದವನ ಬೆನ್ನಿಗೆ ಅದು ಇನ್ನೊಂದು ಮೂಟೆ.

ಹೌದು ಎಂದರೆ ಅವನನ್ನು ಒಬ್ಬನೇ ಬಿಡಬೇಡಿ. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಹಾಕಬೇಡಿ. ಬೆಳೆಗೆ ಹೊಡೆಯುವ ಔಷಧಿಯನ್ನು ಅವನ ಕೈಗೆ ಸಿಗದಂತೆ ಬೇರೆಯವರ ಮನೆಗೆ ಸಾಗಿಸಿ. ಆ ಕೆಟ್ಟ ಗಳಿಗೆ ಬಂದಷ್ಟೇ ಬೇಗ ಇಳಿಯುವುದೂ ಉಂಟು. ಅದು ದಾಟುವವರೆಗೆ ಕೈಗೇನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಪಕ್ಕದಲ್ಲಿ ಕೂತೇ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಸರ್ಕಾರ ಶುರುಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಮಾಡಲಿ ಎಂದು ನೀವೂ ಕೇಳಬಹುದು. ಈಗಲೇ ಅಪಾಯ ಅನ್ನಿಸಿದರೆ 112. ಪೊಲೀಸ್ ಕೇಸು ಆದೀತೆಂದು ಮುಚ್ಚಿಡಬೇಡಿ. ಸಾಯಲು ಪ್ರಯತ್ನಪಟ್ಟವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆ ಕೊಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ.

ಮನೋವೈದ್ಯರ ಬಳಿಗೆ ‘ಹೋಗಿ ಬಾ’ ಎಂದು ಕಳಿಸದೆ ಜೊತೆಗೆ ಹೋಗಿ. ಆಮೇಲಿನ ವಾರಗಳೂ ಸೂಕ್ಷ್ಮವೇ. ದಿನಾ ಸಂಜೆ ಫೋನ್ ಮಾಡಿ. ‘ಉಂಡೇನೋ?’ ಅಂದರೂ ಸಾಕು.