ಕಾಣಬೇಕಾದವರಿಗೆ ಕಾಣುವ ಬಣ್ಣ

ಹೆಂಗಸರ ಸೈಕ್ಲಿಂಗ್ ಬಟ್ಟೆಯಲ್ಲಿ ಬಣ್ಣದ ಮಾತೆತ್ತಿದರೆ ಶೋಕಿ ಎಂದುಕೊಳ್ಳುವವರೇ ಹೆಚ್ಚು. ಬೆಳಗಿನ ಜಾವ ಬಳ್ಳಾರಿ ರಸ್ತೆ ಹಿಡಿದು ನಂದಿ ಬೆಟ್ಟದ ಕಡೆ ತುಳಿಯುವ, ರಜೆ ಸಿಕ್ಕರೆ ಮಲೆನಾಡಿನ ತವರಿಗೆ ಓಡಿ ಗುಡ್ಡ ಹತ್ತುವ ನನ್ನಂಥವಳಿಗೆ ಅದು ಬ್ರೇಕು, ಹೆಲ್ಮೆಟ್ಟುಗಳ ಸಾಲಿಗೆ ಸೇರುವ ವಿಷಯ.

ನಾನು ಶುರು ಮಾಡಿದ ಕಾಲಕ್ಕೆ ಅಂಗಡಿಯಲ್ಲಿ ಗಂಡಸರ ಜೆರ್ಸಿಗೆ ಗೋಡೆ ತುಂಬ ಜಾಗ, ನಮಗೆ ಮೂಲೆಯಲ್ಲೊಂದು ಸ್ಟ್ಯಾಂಡು. ಅದರಲ್ಲಿ ತಿಳಿ ಗುಲಾಬಿ, ತಿಳಿ ನೇರಳೆ, ಮಾಸಲು ಆಕಾಶನೀಲಿ. ಬೆನ್ನ ಮೇಲೊಂದು ಹೂಬಳ್ಳಿ ಅಥವಾ ಚಿಟ್ಟೆ. ಬೇರೆ ಬಣ್ಣ ಇಲ್ಲವೇ ಅಂದರೆ, "ಲೇಡೀಸ್‌ಗೆ ಇದೇ ಮೇಡಂ ಮೂವ್ ಆಗೋದು" ಅನ್ನುವ ಉತ್ತರ. ಇಟ್ಟಿರುವುದೇ ಇಷ್ಟು ಎಂದಮೇಲೆ ಹೋಗುವುದೂ ಇದೇ ತಾನೆ? ಭುಜದಲ್ಲಿ ಜೋಲುವ, ಸೊಂಟದಲ್ಲಿ ಬಿಗಿಯುವ ಗಂಡಸರ ಸ್ಮಾಲ್ ಸೈಜನ್ನೇ ಬಹಳ ದಿನ ಹಾಕಿಕೊಂಡೆ.

ತಮಾಷೆಯೆಂದರೆ, ಗುಲಾಬಿ ಹೆಣ್ಣಿನ ಬಣ್ಣ ಎಂಬ ಮಾತು ಸೈಕಲ್ ಲೋಕದಲ್ಲಂತೂ ನಿಲ್ಲುವುದೇ ಇಲ್ಲ. ಇಟಲಿಯ 'ಜೀರೊ ದಿಟಾಲಿಯಾ' ಸೈಕಲ್ ರೇಸಿನಲ್ಲಿ ಮುಂದಿರುವ ಸವಾರನಿಗೆ 1931ರಿಂದ ಕೊಡುತ್ತಿರುವುದು ಗುಲಾಬಿ ಜೆರ್ಸಿ. ರೇಸು ನಡೆಸುತ್ತಿದ್ದ 'ಗಜೆಟ್ಟಾ ದೆಲ್ಲೊ ಸ್ಪೋರ್ಟ್' ಪತ್ರಿಕೆ ಅಚ್ಚಾಗುವುದು ಗುಲಾಬಿ ಕಾಗದದ ಮೇಲೆ, ಅಷ್ಟೇ ಕಾರಣ. ಆ ರೇಸನ್ನು ಐದು ಸಲ ಗೆದ್ದ ಎಡ್ಡಿ ಮರ್ಕ್ಸ್‌ನಂಥ ಗಟ್ಟಿಗನಿಗೆ ಅದು ಮುಜುಗರ ತಂದದ್ದಿಲ್ಲ. ಟೂರ್ ಡಿ ಫ್ರಾನ್ಸ್‌ನ ಹಳದಿ ಜೆರ್ಸಿಯೂ 1919ರಲ್ಲಿ 'ಲೋಟೊ' ಪತ್ರಿಕೆಯ ಹಳದಿ ಕಾಗದದಿಂದ ಬಂದದ್ದು. ಅದೇ ಟೂರ್‌ನಲ್ಲಿ ಬೆಟ್ಟ ಹತ್ತುವುದರಲ್ಲಿ ಮುಂದಿರುವ 'ಬೆಟ್ಟದ ರಾಜ'ನಿಗೆ 1975ರಿಂದ ಕೊಡುವ ಕೆಂಪು ಚುಕ್ಕಿಯ ಜೆರ್ಸಿಯ ಮೂಲ ಒಂದು ಚಾಕಲೇಟ್ ಕಂಪನಿಯ ಹೊದಿಕೆ ಎನ್ನುತ್ತಾರೆ. ಪತ್ರಿಕೆ, ಚಾಕಲೇಟುಗಳಿಂದ ಬಂದ ಬಣ್ಣಕ್ಕೆ ಗಂಡು ಹೆಣ್ಣು ಎಲ್ಲಿಯದು? ನನ್ನ ತಕರಾರು ಗುಲಾಬಿಯ ಮೇಲಲ್ಲ, ಆ ತಿಳಿತನದ ಮೇಲೆ. ಮಬ್ಬು ಬೆಳಕಿನಲ್ಲಿ, ದೂಳಿನ ರಸ್ತೆಯಲ್ಲಿ ತಿಳಿ ಬಣ್ಣಗಳೆಲ್ಲ ಒಂದೇ ಬೂದಿಯಾಗಿ ಕರಗುತ್ತವೆ.

ಸೊಂಟದಿಂದ ಕೆಳಗೆ ಮಾತ್ರ ನನ್ನದು ರಾಜಿಯಿಲ್ಲದ ಕಪ್ಪು. ಚೈನಿನ ಎಣ್ಣೆ, ಸೀಟಿನ ಕೊಳೆ, ಮಳೆಗಾಲದಲ್ಲಿ ಹಿಂದಿನ ಚಕ್ರ ಎರಚುವ ಕೆಸರು ಎಲ್ಲವನ್ನೂ ಅದು ನುಂಗಿಕೊಳ್ಳುತ್ತದೆ. ಮುಟ್ಟಿನ ದಿನಗಳ ಆತಂಕವನ್ನೂ. ಮೂರು ತಾಸು ಸೀಟಿನ ಮೇಲೆ ಕೂತಿರುವವಳ ತಲೆಯಲ್ಲಿ 'ಹಿಂದೆ ಏನಾದರೂ ಕಾಣ್ತಿದೆಯಾ' ಅನ್ನುವ ಪ್ರಶ್ನೆ ಸೇರಿಕೊಂಡರೆ ಕಾಲು ಅರ್ಧ ಸೋತ ಹಾಗೆ. ಇದು ನಮ್ಮೂರಿನ ಸಂಕೋಚ ಮಾತ್ರವಲ್ಲ. 2022ರಲ್ಲಿ ಯೂರೋ ಕಪ್ ಗೆದ್ದ ಇಂಗ್ಲೆಂಡಿನ ಫುಟ್‌ಬಾಲ್ ಹುಡುಗಿಯರು ಬಿಳಿ ಚಡ್ಡಿ ಬೇಡವೆಂದು ಬಾಯಿಬಿಟ್ಟು ಹೇಳಿದರು. ಮರುವರ್ಷ ಅದು ನೀಲಿಯಾಯಿತು. ಅಡಿಯಿಂದ ಮುಡಿಯವರೆಗೆ ಬಿಳಿಯೇ ಬೇಕೆನ್ನುವ ವಿಂಬಲ್ಡನ್ ಕೂಡ 2023ರಿಂದ ಹೆಣ್ಣುಮಕ್ಕಳಿಗೆ ಸ್ಕರ್ಟಿನೊಳಗೆ ಕಡು ಬಣ್ಣದ ಚಡ್ಡಿ ಹಾಕಲು ಒಪ್ಪಿತು. ಶತಮಾನ ದಾಟಿದ ಪಂದ್ಯಕ್ಕೆ ಇದು ಹೊಳೆಯಲು ಇಷ್ಟು ಕಾಲ ಹಿಡಿಯಿತು.

ನಮ್ಮ ಅತ್ತೆಗೆ ಮಾತ್ರ ಸಮಾಧಾನವಿಲ್ಲ. "ಬೆಳಗಾಗೆದ್ದು ಕಪ್ಪು ಬಟ್ಟೆ ಹಾಕ್ಕೊಂಡು ಹೊರಡ್ತೀಯಲ್ಲಮ್ಮ" ಅನ್ನುತ್ತಿದ್ದರು. ಉತ್ತರ ಕರ್ನಾಟಕದ ಕಡೆ ಸಂಕ್ರಾಂತಿಗೆ ಕಪ್ಪು ಚಂದ್ರಕಾಳಿ ಸೀರೆಯನ್ನೇ ಉಡ್ತಾರಲ್ಲ ಅತ್ತೆ ಅಂದೆ. "ಅವರು ವರ್ಷಕ್ಕೊಂದು ಸಲ ಉಡ್ತಾರೆ, ನೀನು ವಾರಕ್ಕೆ ನಾಕು ದಿನ" ಅಂದು ಬಾಯಿ ಮುಚ್ಚಿಸಿದರು.

ಬೂದು ಬಣ್ಣದ ಬಗ್ಗೆ ಒಂದು ಮಾತು. ನೋಡಲು ಸಭ್ಯ, ತೊಟ್ಟ ಮೇಲೆ ದ್ರೋಹಿ. ಬೆವರಿನ ಪ್ರತಿ ಗೆರೆಯನ್ನೂ ನಕ್ಷೆ ಬರೆದು ತೋರಿಸುತ್ತದೆ. ಬಿಳಿಯದು ಇನ್ನೊಂದು ಬಗೆ: ಒಣಗಿದ್ದಾಗ ಗೌರವ, ಒದ್ದೆಯಾದರೆ ಪಾರದರ್ಶಕ. ಬಿಸಿಲಿಗೆ ಬಿಳಿಯೇ ಒಳ್ಳೆಯದೆಂಬ ನಂಬಿಕೆಯೂ ಅರ್ಧ ಸತ್ಯ. ಶಾಖ ಕಡಿಮೆ ಹೀರುತ್ತದೆ, ನಿಜ. ಆದರೆ ತೆಳು ಬಿಳಿ ಹತ್ತಿಯ ಟೀಶರ್ಟ್ ಚರ್ಮ ಸುಡುವ ನೇರಳಾತೀತ ಕಿರಣಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಬೆವರಿಗೆ ನೆಂದರಂತೂ ಮತ್ತೂ ಕಡಿಮೆ. ಅದೇ ನೇಯ್ಗೆಯ ಗಾಢ ಬಣ್ಣದ ಬಟ್ಟೆ ಹೆಚ್ಚು ತಡೆಯುತ್ತದೆ. ಇನ್ನು ಮೈಬಣ್ಣಕ್ಕೆ ಹತ್ತಿರದ ಬಣ್ಣಗಳು. 2014ರಲ್ಲಿ ಕೊಲಂಬಿಯಾದ ಒಂದು ಮಹಿಳಾ ತಂಡದ ಉಡುಪಿನಲ್ಲಿ ಹೊಟ್ಟೆಯಿಂದ ತೊಡೆಯವರೆಗಿನ ಪಟ್ಟಿ ಚಿನ್ನದ ಛಾಯೆಯದಾಗಿತ್ತು. ಫೋಟೋದಲ್ಲಿ ಅದು ಬರಿಮೈಯಂತೆ ಕಂಡು ಲೋಕವೆಲ್ಲ ಗದ್ದಲವೆದ್ದಿತು. ವಿನ್ಯಾಸ ಮಾಡಿದ್ದು ತಂಡದವಳೇ ಒಬ್ಬಳು ಸವಾರೆ. ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಸಾಲದು, ತೊಟ್ಟವಳನ್ನು ಇಪ್ಪತ್ತು ಹೆಜ್ಜೆ ದೂರದಿಂದಲೂ ನೋಡಬೇಕು ಎಂಬುದನ್ನು ನಾನು ಕಲಿತದ್ದು ಆ ಚಿತ್ರದಿಂದ.

ಮೇಲಂಗಿಯ ಕತೆಯೇ ಬೇರೆ. ನನ್ನ ಜೊತೆ ಸೈಕಲ್ ತುಳಿಯುವ ಹೆಂಗಸರಲ್ಲಿ ಬಹುಪಾಲು ಮಂದಿ ಮೊದಮೊದಲು ಆರಿಸುವುದು ಕಪ್ಪು, ಕಡುನೀಲಿ, ಇಲ್ಲವೇ ಮಣ್ಣಿನ ಬಣ್ಣ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಕಣ್ಣಿಗೆ ಬೀಳಬಾರದು. ಬೈಕಿನಲ್ಲಿ ಪಕ್ಕಕ್ಕೆ ಬಂದು ವೇಗ ತಗ್ಗಿಸಿ ಏನೋ ಅಂದು ಹೋಗುವವರು, ಚಹಾ ಅಂಗಡಿಯ ಮುಂದೆ ನಿಂತು ಅಳೆಯುವವರು, ಇವರ ನೋಟದಿಂದ ತಪ್ಪಿಸಿಕೊಳ್ಳಬೇಕು. ಆದರೆ ಹಿಂದಿನಿಂದ ಬರುವ ಲಾರಿಯ ಡ್ರೈವರ್‌ಗೆ ಮಾತ್ರ ನಾವು ಕಾಣಲೇಬೇಕು. ಒಬ್ಬರಿಗೆ ತೋರಿಸಿ ಇನ್ನೊಬ್ಬರಿಗೆ ಮುಚ್ಚುವ ಬಣ್ಣವನ್ನು ಯಾರೂ ಇನ್ನೂ ಕಾಯಿಸಿಲ್ಲ. ನನ್ನ ಅನುಭವದಲ್ಲಿ ಮಣ್ಣಿನ ಬಣ್ಣ ಹಾಕಿದ ದಿನವೂ ಮಾತು ಕೇಳಿದ್ದೇನೆ, ಕೆಂಪು ಹಾಕಿದ ದಿನವೂ ಕೇಳಿದ್ದೇನೆ. ಲಾರಿಗಳು ಬಿಡುವ ಜಾಗ ಮಾತ್ರ ಬಣ್ಣಕ್ಕೆ ತಕ್ಕಂತೆ ಬದಲಾದಂತೆ ಅನ್ನಿಸಿದೆ. ಅನ್ನಿಸಿಕೆಗೆ ಅಳತೆ ಬೇಕೆನ್ನುವವರಿಗೆ ಡೆನ್ಮಾರ್ಕ್‌ನ ಒಂದು ಅಧ್ಯಯನವಿದೆ. ಸುಮಾರು 6,800 ಸವಾರರಲ್ಲಿ ಅರ್ಧದಷ್ಟು ಮಂದಿಗೆ ಹೊಳೆಯುವ ಹಳದಿ ಜಾಕೆಟ್ ಕೊಟ್ಟು ಒಂದು ವರ್ಷ ಗಮನಿಸಿದಾಗ, ಬೇರೆಯವರೊಡನೆ ಡಿಕ್ಕಿಯಾಗಿ ಗಾಯಗೊಳ್ಳುವ ಅಪಘಾತಗಳು ಜಾಕೆಟ್ಟಿನವರಲ್ಲಿ ಶೇ. 47ರಷ್ಟು ಕಡಿಮೆ. ಜಾಕೆಟ್ ಸಿಕ್ಕವರು ಸಣ್ಣಪುಟ್ಟದ್ದನ್ನು ಹೇಳದೆ ಬಿಟ್ಟಿರಬಹುದೆಂದು ಲೆಕ್ಕ ತಿದ್ದಿದರೂ ಶೇ. 38.

ಹಾಗಂತ ಆ ಹಳದಿಯನ್ನು ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. ಫ್ಲೋರೊಸೆಂಟ್ ಬಣ್ಣ ಹೊಳೆಯುವುದು ಸೂರ್ಯನ ಬೆಳಕಿನ ನೇರಳಾತೀತ ಭಾಗವನ್ನು ಹೀರಿ ಕಣ್ಣಿಗೆ ಕಾಣುವ ಬೆಳಕಾಗಿ ಹೊರಹಾಕುವುದರಿಂದ. ಮುಂಜಾನೆ, ಮೋಡದ ಹಗಲು ಅದರ ಹಬ್ಬದ ಹೊತ್ತು. ಕತ್ತಲಾದರೆ ಅದೂ ಒಂದು ಮಾಮೂಲಿ ಹಳದಿ. ಆಗ ಬೇಕಾದದ್ದು ಹೆಡ್‌ಲೈಟಿನ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ರಿಫ್ಲೆಕ್ಟರ್ ಪಟ್ಟಿ. ಅದನ್ನು ಬೆನ್ನಿಗಿಂತ ಕಣಕಾಲಿಗೆ ಕಟ್ಟಿಕೊಂಡರೆ ಲಾಭ ಹೆಚ್ಚು. ಮೇಲೆ ಕೆಳಗೆ ಆಡುವ ಎರಡು ಚುಕ್ಕಿ ಕಂಡರೆ ಅಲ್ಲೊಬ್ಬ ಮನುಷ್ಯ ಸೈಕಲ್ ತುಳಿಯುತ್ತಿದ್ದಾನೆಂದು ಡ್ರೈವರ್‌ಗೆ ತಟ್ಟನೆ ತಿಳಿಯುತ್ತದೆ. ತುಳಿಯುತ್ತಿದ್ದಾಳೆ ಎಂಬುದು ತಿಳಿಯುವುದಿಲ್ಲ, ಅದೂ ಒಳ್ಳೆಯದೇ. ಫ್ಲೋರೊಸೆಂಟ್ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಒಣಹಾಕಬೇಕು. ತಾರಸಿಯ ಬಿಸಿಲಿಗೆ ಬಿಟ್ಟರೆ ಬೇಗ ಬಿಳಚುತ್ತದೆ.

ಬಣ್ಣ ಎದ್ದು ಕಾಣುವುದು ಹಿನ್ನೆಲೆಯಿಂದ ಎಂಬುದು ತೀರ್ಥಹಳ್ಳಿ ಕಡೆಯ ರಸ್ತೆಗಳಲ್ಲಿ ಚೆನ್ನಾಗಿ ಅರ್ಥವಾಯಿತು. ಬೆಂಗಳೂರಿನ ಕಾಂಕ್ರೀಟಿನ ಎದುರು ಕೂಗಿ ಕರೆಯುವ ಆ ಹಸಿರು ಮಿಶ್ರಿತ ಹಳದಿ, ಶ್ರಾವಣದ ಗದ್ದೆಯ ಬದಿಯಲ್ಲಿ ಎಳೆ ಪೈರಿನೊಳಗೆ ಸೇರಿಹೋಗುತ್ತದೆ. ವಿಜಯಪುರ, ಬಾಗಲಕೋಟೆಗಳ ದಾರಿಯಲ್ಲಿ, ಸೈಕ್ಲಿಂಗ್‌ನಲ್ಲಿ ದೇಶಕ್ಕೇ ಹೆಸರಾದ ಆ ಸೀಮೆಯಲ್ಲಿ, ಒಣಗಿ ನಿಂತ ಜೋಳದ ಹೊಲದ ಮುಂದೆ ಹಳದಿಯ ಗತಿ ಬೇರೆಯಲ್ಲ. ಕಿತ್ತಳೆ ಮಲೆನಾಡಿನಲ್ಲಿ ಚೆನ್ನ, ಬೆಂಗಳೂರಿನಲ್ಲಿ ಹಾಕಿದರೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ "ಯಾವ ಫ್ಲಾಟಿಗೆ ಡೆಲಿವರಿ?" ಎಂದು ಕೇಳುತ್ತಾರೆ. ಆಟೋದಲ್ಲಿ, ಗದ್ದೆಯಲ್ಲಿ, ಕೆಮ್ಮಣ್ಣಿನಲ್ಲಿ, ಡಾಂಬರಿನಲ್ಲಿ ಎಲ್ಲೂ ಇಲ್ಲದ ಬಣ್ಣ ಯಾವುದೆಂದು ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ಕಣ್ಣು ಕುಕ್ಕುವ ಕಡು ಗುಲಾಬಿ. ಮಳೆಗಾಲದ ಘಾಟಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ರಸ್ತೆ ಬಿಟ್ಟು ಕಾಡಿಗೆ ಕಾಲಿಟ್ಟರೆ ಈ ಲೆಕ್ಕಗಳೆಲ್ಲ ತಿರುಗುಮುರುಗು. ಮಳೆಗಾಲದಲ್ಲಿ ಇಂಬಳ ಹತ್ತುವುದು ಕಾಣಬೇಕಾದರೆ ಸಾಕ್ಸು ತಿಳಿ ಬಣ್ಣದ್ದಿರಬೇಕು. ಬೇಸಿಗೆಯಲ್ಲಿ ಉಣುಗಿನ ಕಾಟ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆಯನ್ನು ಹರಡುವ ಈ ಹುಳ ಎಳ್ಳಿಗಿಂತ ಚಿಕ್ಕದಿರಬಹುದು, ಕಪ್ಪು ಪ್ಯಾಂಟಿನ ಮೇಲೆ ಕಾಣುವ ಮಾತೇ ಇಲ್ಲ. ಹೆಜ್ಜೇನು ಕೆರಳಿದರೆ ಹೆಚ್ಚಾಗಿ ಎರಗುವುದೂ ಕಡು ಬಣ್ಣದ ಮೇಲೆ. ಹಾಗಾಗಿ ಗುಡ್ಡಕ್ಕೆ ಹೊರಟರೆ ನನ್ನದು ಮಾಸಲು ಖಾಕಿ ಪ್ಯಾಂಟು, ಅದರ ಮೇಲೆ ತೊಡೆ ಮುಚ್ಚುವ ಉದ್ದ ಅಂಗಿ. ಚೀಲದಲ್ಲಿ ಗುಲಾಬಿ ಮಳೆಯಂಗಿ ಮಡಚಿಟ್ಟಿರುತ್ತೇನೆ, ದಾರಿ ತಪ್ಪಿದರೆ ಹುಡುಕುವವರಿಗೆ ಕಾಣಲಿ ಎಂದು. ನಾಗರಹೊಳೆಯಂಥ ಕಡೆ ಪ್ರಾಣಿ ನೋಡಲು ಹೋಗುವಾಗ ಅದು ಚೀಲದಿಂದ ಹೊರಗೆ ಬರುವುದಿಲ್ಲ.

ಮೊನ್ನೆ ನಮ್ಮ ಸೈಕಲ್ ಗುಂಪಿಗೆ ಹೊಸ ಜೆರ್ಸಿ ಹೊಲಿಸುವ ಚರ್ಚೆ ಬಂತು. ವಾಟ್ಸಾಪಿನಲ್ಲಿ ಮೊದಲ ನಮೂನೆ ಬಂದಾಗ ಗಂಡಸರದ್ದು ಕಪ್ಪು ಕೆಂಪು, ಹೆಂಗಸರದ್ದು ತಿಳಿ ನೇರಳೆ. ಅದರ ಚಡ್ಡಿಯ ಪಕ್ಕಕ್ಕೆ ಬಿಳಿ ಪಟ್ಟಿ, ಬೆನ್ನಿಗೆ ಚಿಟ್ಟೆ. ಬಿಳಿ ಪಟ್ಟಿ ಯಾಕೆ ಬೇಡ ಎಂಬುದನ್ನು ಹೆಂಗಸರು ಒಬ್ಬರಾದ ಮೇಲೊಬ್ಬರು ಬರೆದೆವು, ಮುಟ್ಟಿನ ವಿಷಯವನ್ನೂ ಬಿಡದೆ. ಸ್ವಲ್ಪ ಹೊತ್ತು ಗುಂಪು ಗಪ್‌ಚುಪ್. ಆಮೇಲೆ ಹಿರಿಯರೊಬ್ಬರು "ಹಾಗಾದರೆ ನೀವೇ ನಿರ್ಧಾರ ಮಾಡಿಬಿಡಿ ಮೇಡಂ" ಅಂದರು. ಮಾಡಿದೆವು. ಎಲ್ಲರಿಗೂ ಒಂದೇ ಜೆರ್ಸಿ, ಕಡು ಗುಲಾಬಿ, ಕೆಳಗೆ ಅಪ್ಪಟ ಕಪ್ಪು, ಚಿಟ್ಟೆ ಹಾರಿಹೋಯಿತು. ಹೆಂಗಸರೆಲ್ಲ ಅದೇ ಸಂಜೆ ಹಣ ಕಳಿಸಿದ್ದಾರೆ. ಗಂಡಸರಲ್ಲಿ ಕೆಲವರು ಮನೆಯಲ್ಲಿ ಕೇಳಿ ಹೇಳುತ್ತೇವೆ ಅಂದಿದ್ದಾರೆ.